ಟಿಕೆಟ್ಟು, ಟ್ರಾಫಿಕ್ ಸ್ಕೂಲು ಮತ್ತು ಹದಿನೆಂಟು ತಿಂಗಳು

ಹೋದ ತಿಂಗಳು ಒಂದು ಶನಿವಾರ ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂತು ಪಾಠ ಓದಿ ಪರೀಕ್ಷೆ ಬರೆದೆ. ಆಫೀಸಿನ ಯಾವುದೋ ಸರ್ಟಿಫಿಕೇಶನ್ ಅಂದುಕೊಂಡಿರಾ? ಅಲ್ಲ ಸ್ವಾಮಿ, ಟ್ರಾಫಿಕ್ ಸ್ಕೂಲು!

ಕ್ಯಾಲಿಫೋರ್ನಿಯಾದ 280 ಹೆದ್ದಾರಿಯಲ್ಲಿ ಗಂಟೆಗೆ 65 ಮೈಲಿ ಮಿತಿ ಇದ್ದ ಕಡೆ 80ರಲ್ಲಿ ಹೋಗುತ್ತಿದ್ದೆ. ಕನ್ನಡಿಯಲ್ಲಿ ಕೆಂಪು-ನೀಲಿ ದೀಪ ಕಂಡು ಎದೆ ಧಸಕ್ಕೆಂದಿತು. ಕೆಲವು ವಾರದ ಮೇಲೆ ಕೋರ್ಟಿನಿಂದ ಕಾಗದ ಬಂತು. ದಂಡ ಪೂರ್ತಿ ಕಟ್ಟಬೇಕು, ಮೇಲೆ ಸ್ಕೂಲಿನ ಫೀಸು ಬೇರೆ. ಪಾಸಾದರೆ ಲೈಸೆನ್ಸಿಗೆ ಪಾಯಿಂಟ್ ಬೀಳುವುದಿಲ್ಲ. ಊರಿಗೆ ಫೋನ್ ಮಾಡಿ ಹೇಳಿದರೆ ಅಪ್ಪ, "ಅಷ್ಟಕ್ಕೆಲ್ಲ ಸ್ಕೂಲಿಗೆ ಹಾಕ್ತಾರೇನೋ? ಅಲ್ಲೇ ಏನಾದ್ರೂ ಕೊಟ್ಟು ಮುಗಿಸಕ್ಕಾಗ್ಲಿಲ್ವಾ?" ಅಂದರು :-)

ಪಾಸಾದೆ. ಆದರೆ ತಲೆಯಲ್ಲಿ ಹುಳ ಹೊಕ್ಕಿತ್ತು. ತಪ್ಪು ಮಾಡಿದವನನ್ನು ಪಾಠಕ್ಕೆ ಕೂರಿಸುವ ಈ ಪದ್ಧತಿ ಬಂದದ್ದು ಹೇಗೆ? ಇದರಿಂದ ಉಪಯೋಗ ಉಂಟೇ? ಹುಡುಕುತ್ತಾ ಹೋದೆ.

ಅಮೆರಿಕದಲ್ಲಿ ವೇಗಕ್ಕಾಗಿ ಸಿಕ್ಕಿಬಿದ್ದವರ ಕಥೆ 1899ರ ಮೇ 20ಕ್ಕೆ ಹೋಗುತ್ತದೆ. ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂನಲ್ಲಿ ಜೇಕಬ್ ಜರ್ಮನ್ ಎಂಬ ಟ್ಯಾಕ್ಸಿ ಚಾಲಕ ಗಂಟೆಗೆ 12 ಮೈಲಿ ವೇಗದಲ್ಲಿ ಹೋಗುತ್ತಿದ್ದ. ಹಿಡಿದ ಪೊಲೀಸ್ ಬಂದದ್ದು ಸೈಕಲ್ ಮೇಲೆ! ಇನ್ನೊಂದು ತಮಾಷೆ ಅಂದರೆ, ಆ ಟ್ಯಾಕ್ಸಿ ಓಡುತ್ತಿದ್ದದ್ದು ವಿದ್ಯುತ್ತಿನಿಂದ. ಈಗ ನಾವು ಹೊಸದು ಅಂದುಕೊಂಡಿರುವ ಎಲೆಕ್ಟ್ರಿಕ್ ಕಾರು ಆಗಲೇ ಜೈಲು ತೋರಿಸಿತ್ತು. 1901ರಲ್ಲಿ ಕನೆಕ್ಟಿಕಟ್ ರಾಜ್ಯ ಮೋಟಾರು ವಾಹನಗಳ ವೇಗಕ್ಕೆ ಕಾನೂನು ಮಾಡಿತು: ಊರೊಳಗೆ 12 ಮೈಲಿ, ಹೊರಗೆ 15.

ಆಗೆಲ್ಲ ದಂಡ, ಇಲ್ಲವೇ ಜೈಲು. ಪಾಠದ ಮಾತು ಬಂದದ್ದು ಆಮೇಲೆ. 1930ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಏಮಸ್ ನೇಹಾರ್ಟ್ ಎಂಬ ಎಂಜಿನಿಯರಿಂಗ್ ಮೇಷ್ಟ್ರು ತಮ್ಮ ಸ್ವಂತ ಕಾರಿನಲ್ಲೇ ಹೈಸ್ಕೂಲ್ ಹುಡುಗರಿಗೆ ಡ್ರೈವಿಂಗ್ ಕಲಿಸಲು ಶುರು ಮಾಡಿದರು. 1964ರಲ್ಲಿ ನ್ಯಾಷನಲ್ ಸೇಫ್ಟಿ ಕೌನ್ಸಿಲ್ 'ಡಿಫೆನ್ಸಿವ್ ಡ್ರೈವಿಂಗ್' ಕೋರ್ಸ್ ತಂದಿತು. ನೀವು ಸರಿಯಾಗಿ ಓಡಿಸಿದರೆ ಸಾಲದು, ಎದುರಿನವನು ತಪ್ಪು ಮಾಡುತ್ತಾನೆಂದೇ ಎಣಿಸಿ ಓಡಿಸಿ ಅನ್ನುವುದು ಅದರ ತಿರುಳು. ನ್ಯಾಯಾಲಯಗಳಿಗೂ ಇಂಥ ತರಗತಿಗಳು ಅನುಕೂಲವೇ. ಕ್ಯಾಲಿಫೋರ್ನಿಯಾದಲ್ಲಂತೂ ಇದು ದೊಡ್ಡ ವ್ಯಾಪಾರವಾಯಿತು. 1980ರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲಿ ಹಾಸ್ಯ ಕಲಾವಿದರೇ ಪಾಠ ಹೇಳುವ ಟ್ರಾಫಿಕ್ ಸ್ಕೂಲುಗಳಿದ್ದವು. ಈಗ ಎಲ್ಲ ಆನ್‌ಲೈನ್, ಅದೊಂದೇ ಬೇಜಾರು.

ಅಲ್ಲಿನ ಹಳೆಯ ನಿಯಮ ಹೀಗಿತ್ತು: ಸ್ಕೂಲು ಮುಗಿಸಿದರೆ ಕೇಸೇ ವಜಾ. ನೀವು ತಪ್ಪೇ ಮಾಡಿಲ್ಲ ಅನ್ನುವ ಹಾಗೆ. ಎಲ್ಲರಿಗೂ ಖುಷಿ. ಆದರೆ ರಸ್ತೆ?

2003ರಲ್ಲಿ ಕಾಕ್ರೇನ್ ಸಂಸ್ಥೆಯ ಸಂಶೋಧಕರು ಈಗಾಗಲೇ ಲೈಸೆನ್ಸ್ ಇರುವವರಿಗೆ ಪಾಠ ಮಾಡಿದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಪಾಠದಿಂದ ಅಪಘಾತ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. 2010ರಲ್ಲಿ ಕ್ಯಾಲಿಫೋರ್ನಿಯಾ ಮೋಟಾರು ಇಲಾಖೆಯ ಸಂಶೋಧಕ ಮೈಕೆಲ್ ಗೇಬರ್ಸ್ ಪ್ರಕಟಿಸಿದ ಅಧ್ಯಯನ ಇನ್ನೂ ಖಾರವಾಗಿತ್ತು. ಸ್ಕೂಲಿಗೆ ಹೋಗಿ ಕೇಸು ವಜಾ ಮಾಡಿಸಿಕೊಂಡವರನ್ನೂ, ತಪ್ಪು ಒಪ್ಪಿ ದಾಖಲೆಗೆ ಬಿದ್ದವರನ್ನೂ ಅವರು ಹೋಲಿಸಿದರು. ಮುಂದೆ ಹೆಚ್ಚು ಅಪಘಾತಕ್ಕೆ ಸಿಕ್ಕವರು ಯಾರು ಗೊತ್ತೇ? ಸ್ಕೂಲಿಗೆ ಹೋದವರು!

ಪಾಠ ಕೇಳಿ ಯಾರೂ ಕೆಡುವುದಿಲ್ಲ. ಆದರೆ ದಾಖಲೆ ಅಳಿಸಿಹೋದರೆ ಅದರ ಜೊತೆಗಿದ್ದ ಹೆದರಿಕೆಯೂ ಅಳಿಯುತ್ತದೆ. ಪಾಯಿಂಟ್ ಇಲ್ಲ, ಎಚ್ಚರಿಕೆ ಪತ್ರ ಇಲ್ಲ, ಇನ್ಶೂರೆನ್ಸ್ ಏರುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಬಗ್ ಸರಿ ಮಾಡದೆ ಲಾಗ್ ಫೈಲ್ ಡಿಲೀಟ್ ಮಾಡಿದಂತೆ.

2011ರ ಜುಲೈ 1ರಿಂದ ಅಲ್ಲಿ ಕಾನೂನು ಬದಲಾಯಿತು. ಈಗ ಕೇಸು ವಜಾ ಆಗುವುದಿಲ್ಲ. ತಪ್ಪು ಸಾಬೀತಾಯಿತು ಎಂದೇ ದಾಖಲಾಗುತ್ತದೆ, ಆದರೆ ಮುಚ್ಚಿಟ್ಟಿರುತ್ತಾರೆ. ಇನ್ಶೂರೆನ್ಸಿನವರಿಗೆ ಕಾಣದು, ಕೋರ್ಟಿಗೆ ಕಾಣುತ್ತದೆ. 18 ತಿಂಗಳೊಳಗೆ ಇನ್ನೊಮ್ಮೆ ಸಿಕ್ಕಿಬಿದ್ದರೆ ಈ ಮರೆ ಸಿಗುವುದಿಲ್ಲ. ಮೊದಲ ತಪ್ಪಿಗೆ ಪಾಯಿಂಟ್ ಈಗಲೂ ಇಲ್ಲ, ಹಾಗಾಗಿ ಇದು ಅರ್ಧ ಹೆಜ್ಜೆಯೇ. ಆದರೂ ಸರಿಯಾದ ದಿಕ್ಕಿಗೆ.

ನನ್ನದೇ ಸಾಕ್ಷಿ ಹೇಳುತ್ತೇನೆ, ನಾಚಿಕೆ ಬಿಟ್ಟು. ಸರ್ಟಿಫಿಕೇಟ್ ಬಂದ ಎರಡೇ ವಾರಕ್ಕೆ ಅದೇ 280ರಲ್ಲಿ ನನ್ನ ಮುಳ್ಳು ಮತ್ತೆ 80 ತೋರಿಸುತ್ತಿತ್ತು. ಪರೀಕ್ಷೆಯಲ್ಲಿ ಬರೆದ ಉತ್ತರ ಒಂದೂ ನೆನಪಾಗಲಿಲ್ಲ. ನೆನಪಾದದ್ದು ಆ ಹದಿನೆಂಟು ತಿಂಗಳು. ಕಾಲು ತಾನಾಗಿ ಮೇಲೆ ಬಂತು.

ಇದನ್ನು ಬರೆಯಲು ಇನ್ನೊಂದು ಕಾರಣವಿದೆ. 2019ರಲ್ಲಿ ನಮ್ಮ ದೇಶದ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತಲ್ಲ, ಅದರಲ್ಲೂ ಈ ಪಾಠ ಇದೆ. ಅತಿವೇಗ, ಕುಡಿದು ಓಡಿಸುವುದು ಮುಂತಾದ ತಪ್ಪುಗಳಿಗೆ ಲೈಸೆನ್ಸ್ ಜಪ್ತಿಯಾದರೆ, ಚಾಲಕ ರಿಫ್ರೆಷರ್ ತರಬೇತಿ ಮುಗಿಸಿದ ಮೇಲಷ್ಟೇ ಅದು ವಾಪಸ್ ಎನ್ನುತ್ತದೆ ಕಾನೂನು. ಓದಿ ಖುಷಿಯಾಯಿತು, ಜೊತೆಗೇ ದಿಗಿಲೂ ಆಯಿತು. ಏಜೆಂಟ್ ಕೈಯಲ್ಲಿ ದುಡ್ಡಿಟ್ಟು, ನೆಪಕ್ಕೆ ಒಂದು '8' ಹಾಕಿ ಲೈಸೆನ್ಸ್ ತಂದವರು ನಮ್ಮಲ್ಲಿ ಎಷ್ಟು ಜನ? (ನನ್ನ ಕೈ ಮೇಲಿದೆ.) ತರಬೇತಿಯ ಸರ್ಟಿಫಿಕೇಟೂ ಅದೇ ದಾರಿಯಲ್ಲಿ ಬಂದರೆ, ಕ್ಯಾಲಿಫೋರ್ನಿಯಾ ಅಷ್ಟು ವರ್ಷ ಮಾಡಿದ ತಪ್ಪನ್ನೇ ನಾವು ಹೊಸದಾಗಿ ಕಲಿತಂತಾಗುತ್ತದೆ.

ಪಾಠ ಬೇಡ ಅನ್ನುತ್ತಿಲ್ಲ. ಪಾಠ ಮುಗಿದ ಮೇಲೂ ತಪ್ಪಿನ ಲೆಕ್ಕ ಎಲ್ಲೋ ಒಂದು ಕಡೆ ಉಳಿದಿರಲಿ ಅಷ್ಟೆ. ಅಪ್ಪನಿಗೂ ಇದನ್ನೇ ಹೇಳಿದೆ. "ಸರಿ, ನಿಧಾನಕ್ಕೆ ಓಡ್ಸು" ಅಂದು ಫೋನಿಟ್ಟರು. ಸ್ಕೂಲಿನವರು ಇಡೀ ದಿನ ಹೇಳಿದ್ದನ್ನು ಅವರು ಮೂರು ಪದದಲ್ಲಿ ಮುಗಿಸಿದ್ದರು.

ನಿಮಗೂ ಟಿಕೆಟ್ ಬಿದ್ದದ್ದುಂಟೇ? ಆಮೇಲೆ ನಿಧಾನವಾದಿರಾ? ನಿಜ ಹೇಳಿ...