ಪುಸ್ತಕದಲ್ಲಿದ್ದ ಹುಲಿ, ಕಾಡಲ್ಲಿಲ್ಲದ ಹುಲಿ

ಇವತ್ತಿನ ಕತೆ ಹುಲಿಯದ್ದು, ನಿಜ ಹೇಳ್ಬೇಕಂದ್ರೆ ಹುಲಿ ಲೆಕ್ಕದ್ದು. ಬಿ.ಕಾಂ. ಓದಿದ ನನಗೆ ಇದರಲ್ಲಿ ಕಾಣೋದು ಸ್ಟಾಕ್ ರಿಜಿಸ್ಟರ್. ಪುಸ್ತಕದಲ್ಲಿ ಮಾಲು ಇದೆ, ಗೋಡೌನ್ ಬಾಗಿಲು ತೆಗೆದರೆ ಖಾಲಿ!

1973ರ ಏಪ್ರಿಲ್ 1ಕ್ಕೆ ಪ್ರಾಜೆಕ್ಟ್ ಟೈಗರ್ ಶುರುವಾಯ್ತು. ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಅದರ ಹಿಂದಿನ ವರ್ಷದ ಎಣಿಕೆ 1,827. ಆಗ ಎಣಿಸ್ತಿದ್ದದ್ದು ಹೆಜ್ಜೆ ಗುರುತು. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ ರೂಪಿಸಿದ ವಿಧಾನ. ಗುರುತಿನ ಮೇಲೆ ಗಾಜು ಇಟ್ಟು ಗೆರೆ ಎಳೆಯೋದು, ಆಮೇಲೆ ಇದು ಆ ಹುಲಿ, ಇದು ಬೇರೆ ಹುಲಿ ಅಂತ ವಿಂಗಡಿಸೋದು. ಫಾರೆಸ್ಟ್ ಗಾರ್ಡುಗಳನ್ನ ಗೇಲಿ ಮಾಡ್ಬೇಡಿ. ಹೆಜ್ಜೆ ನೋಡಿ ಹುಲಿ ಓಡಾಡಿದೆ ಅಂತ ಹೇಳೋರು ಇವತ್ತಿಗೂ ಅವರೇ. ತೊಂದರೆ ಇದ್ದದ್ದು ‘ಎಷ್ಟು’ ಅನ್ನೋದರಲ್ಲಿ. ಒಂದೇ ಹುಲಿಯ ಹೆಜ್ಜೆ ಕೆಸರಲ್ಲಿ ಒಂಥರಾ, ಧೂಳಲ್ಲಿ ಇನ್ನೊಂಥರಾ.

ಇದನ್ನ ಗಟ್ಟಿಯಾಗಿ ಪ್ರಶ್ನಿಸಿದವರು ಉಲ್ಲಾಸ ಕಾರಂತರು. ಶಿವರಾಮ ಕಾರಂತರ ಮಗ, ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. 90ರ ದಶಕದಲ್ಲಿ ನಾಗರಹೊಳೆಯ ಕಾಡುದಾರಿಗಳ ಎರಡೂ ಬದಿ ಕ್ಯಾಮೆರಾ ಕಟ್ಟಿದರು. ಎರಡು ಯಾಕೆ? ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನ ಹಾಗಿರಲ್ಲ. ಉಳಿದದ್ದು ಗಣಿತ. ಮೊದಲ ಸುತ್ತಲ್ಲಿ 10 ಹುಲಿ ಸಿಕ್ಕವು ಅನ್ಕೊಳ್ಳಿ. ಎರಡನೇ ಸುತ್ತಲ್ಲೂ 10, ಅದರಲ್ಲಿ 5 ಹಳೇ ಮುಖ. ಅಂದ್ರೆ ನಾವು ಮೊದಲು ನೋಡಿದ್ದು ಅರ್ಧ ಮಾತ್ರ, ಕಾಡಲ್ಲಿ ಸುಮಾರು 20 ಇರಬೇಕು. ಆಡಿಟರ್ ಸ್ಯಾಂಪಲ್ ತೆಗೆದ ಹಾಗೇ.

ಆದರೂ ದೇಶದ ರಿಜಿಸ್ಟರ್ ಹಳೇ ದಾರಿಯಲ್ಲೇ ನಡೀತು. 2002ರಲ್ಲಿ 3,642 ಅಂತ ಬರೆದರು. ರಾಜಸ್ಥಾನದ ಸರಿಸ್ಕಾದಲ್ಲೂ ಹುಲಿ ಇದೆ ಅಂತಲೇ ಇತ್ತು. 2005ರ ಹೊತ್ತಿಗೆ ಗೊತ್ತಾಯ್ತು, ಅಲ್ಲಿ ಒಂದೂ ಇಲ್ಲ. ಬೇಟೆಗಾರರು ಮುಗಿಸಿದ್ದರು. ನನಗೆ ಸಿಟ್ಟು ಬರೋದು ಇಲ್ಲೇ. ಪುಸ್ತಕ ತುಂಬಿದ್ದರೆ ಗೋಡೌನಿಗೆ ಕಾವಲು ಹೆಚ್ಚಿಸಬೇಕು ಅಂತ ಯಾರಿಗೆ ಅನ್ಸುತ್ತೆ?

ಆಮೇಲೆ ವಿಧಾನ ಬದಲಾಯ್ತು. 2006ರ ಅಂದಾಜು 1,411. ಎರಡನ್ನೂ ಕಳೆದು ಅಷ್ಟು ಹುಲಿ ನಾಲ್ಕೇ ವರ್ಷದಲ್ಲಿ ಸತ್ತವು ಅನ್ನೋ ಹಾಗಿಲ್ಲ, ಅಳತೆಗೋಲೇ ಬೇರೆ. 2022ರ ಸರಾಸರಿ ಅಂದಾಜು 3,682, ಅದರಲ್ಲಿ ಕರ್ನಾಟಕದ್ದು 563. ಯಾರಾದ್ರೂ ‘ಇಪ್ಪತ್ತು ವರ್ಷದಲ್ಲಿ ಹೆಚ್ಚಿದ್ದು ಬರೀ 40 ಹುಲೀನಾ?’ ಅಂತ ಕೇಳಿದರೆ, ಮೊದಲು ಅವರಿಗೆ ಸರಿಸ್ಕಾದ ಕತೆ ಹೇಳಿ.