ಹಳೆಯ ಯುದ್ಧ ಟ್ಯಾಂಕಿಗೆ ಮೂಲ ಬಿಡಿಭಾಗ: ಕೆಸರಿನಿಂದ ಗೋದಾಮಿನವರೆಗೆ ಹುಡುಕಾಟ

ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದ ಬೋವಿಂಗ್ಟನ್ ಎಂಬಲ್ಲಿ ಟ್ಯಾಂಕ್ ಸಂಗ್ರಹಾಲಯವೊಂದಿದೆ. ಅಲ್ಲಿನ 'ಟೈಗರ್ 131' ಎಂಬ ಜರ್ಮನ್ ಟ್ಯಾಂಕು ಎರಡನೆಯ ಮಹಾಯುದ್ಧದ ಯಂತ್ರಗಳಲ್ಲೇ ಅತ್ಯಂತ ಹೆಸರುವಾಸಿಯಾದದ್ದು. 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದ ರಣರಂಗದಲ್ಲಿ ಗುಂಡೇಟಿನಿಂದ ಇದರ ಗೋಪುರ ತಿರುಗದಂತಾಯಿತು. ಒಳಗಿದ್ದ ಸೈನಿಕರು ಟ್ಯಾಂಕನ್ನು ತೊರೆದು ಹೋದರು, ಅದು ಬ್ರಿಟಿಷ್ ಪಡೆಗಳ ವಶವಾಯಿತು. ಅದೇ ವರ್ಷ ಇಂಗ್ಲೆಂಡಿಗೆ ಬಂದು, ಪರೀಕ್ಷೆಗಳಿಗೆ ಒಳಗಾಗಿ, 1951ರಲ್ಲಿ ಸಂಗ್ರಹಾಲಯ ಸೇರಿತು. 1990ರಲ್ಲಿ ಜೀರ್ಣೋದ್ಧಾರ ಕಾರ್ಯ ಆರಂಭವಾಯಿತು. ಸ್ವಂತ ಶಕ್ತಿಯಿಂದ ಅದು ಮತ್ತೆ ಚಲಿಸಲು 2003ರವರೆಗೆ ಕಾಯಬೇಕಾಯಿತು, ಬಣ್ಣವೂ ಸೇರಿದಂತೆ ಕೆಲಸ ಪೂರ್ಣಗೊಂಡದ್ದು 2012ರಲ್ಲಿ.

ಆದರೆ ಈ ಟೈಗರ್ ಚಲಿಸುವುದು ತನ್ನ ಹುಟ್ಟಿನ ಎಂಜಿನ್‌ನಿಂದ ಅಲ್ಲ. ಕಾರ್ಖಾನೆಯಿಂದ ಹೊರಬಂದಾಗ ಇದಕ್ಕಿದ್ದದ್ದು 21 ಲೀಟರ್ ಸಾಮರ್ಥ್ಯದ ಮೇಬ್ಯಾಕ್ ಎಚ್‌ಎಲ್ 210 ಎಂಜಿನ್. ಈಗ ಇರುವುದು ಅದರ ತಮ್ಮನೆನ್ನಬಹುದಾದ, 23 ಲೀಟರ್‌ನ ಎಚ್‌ಎಲ್ 230. ಅದನ್ನು ತೆಗೆದದ್ದು ಅದೇ ಸಂಗ್ರಹಾಲಯದಲ್ಲಿದ್ದ 'ಕಿಂಗ್ ಟೈಗರ್' ಟ್ಯಾಂಕಿನಿಂದ. ಒಂದು ಟ್ಯಾಂಕನ್ನು ಬದುಕಿಸಲು ಇನ್ನೊಂದರ ಹೃದಯವನ್ನು ಕೀಳುವುದು ಸರಿಯೇ? ಹಳೆಯ ಟ್ಯಾಂಕುಗಳ ಜೀರ್ಣೋದ್ಧಾರಕ್ಕೆ ಕೈಹಾಕಿದ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ.

'ಮೂಲ' ಎಂದರೆ ಏನು?

ಮೂಲ ಬಿಡಿಭಾಗ ಎಂಬ ಮಾತಿಗೆ ಮೂರು ಅರ್ಥಗಳಿವೆ. ಮೊದಲನೆಯದು, ಅದೇ ಟ್ಯಾಂಕಿನೊಂದಿಗೆ ಕಾರ್ಖಾನೆಯಿಂದ ಬಂದ ಭಾಗ. ಎರಡನೆಯದು, ಅದೇ ಕಾಲದಲ್ಲಿ, ಅದೇ ನಕ್ಷೆಯಂತೆ ತಯಾರಾಗಿ ಬೇರೆ ಟ್ಯಾಂಕಿನಲ್ಲಿ ಅಥವಾ ಗೋದಾಮಿನಲ್ಲಿ ಉಳಿದ ಭಾಗ. ಮೂರನೆಯದು, ಹಳೆಯ ನಕ್ಷೆಯನ್ನು ಅನುಸರಿಸಿ ಇಂದು ಹೊಸದಾಗಿ ಮಾಡಿದ ಭಾಗ. ಮೂರನೆಯದನ್ನು ಮೂಲ ಎನ್ನಲಾಗದು, ಆದರೆ ಮಾರುವವರು ಹಾಗೆನ್ನುವುದುಂಟು. ಯುದ್ಧಕಾಲದ ಸೇನೆಗಳೇ ಮೊದಲ ಎರಡರ ನಡುವೆ ಭೇದ ಎಣಿಸಿರಲಿಲ್ಲ. ರಣರಂಗದ ಕಮ್ಮಟಗಳಲ್ಲಿ ಎರಡು ಕೆಟ್ಟ ಟ್ಯಾಂಕುಗಳಿಂದ ಒಂದು ಒಳ್ಳೆಯದನ್ನು ಮಾಡುವುದು ದಿನನಿತ್ಯದ ಕೆಲಸವಾಗಿತ್ತು. ಹೀಗಾಗಿ ಎಲ್ಲ ಅಂಕಿಗಳೂ ತಾಳೆಯಾಗುವ ಟ್ಯಾಂಕು ದೊರೆತರೆ ಸಂತೋಷಪಡುವುದಕ್ಕಿಂತ ಮೊದಲು ಸ್ವಲ್ಪ ಸಂಶಯಪಡುವುದು ಲೇಸು.

ಭಾಗವನ್ನು ಗುರುತಿಸುವುದು ಅದರ ಮೇಲಿನ ಮುದ್ರೆಗಳಿಂದ. ಜರ್ಮನ್ ಬಿಡಿಭಾಗಗಳ ಮೇಲೆ ತಯಾರಕರ ಮೂರಕ್ಷರದ ಗುಪ್ತ ಸಂಕೇತ ಇರುತ್ತಿತ್ತು. ಶತ್ರು ವಿಮಾನಗಳಿಗೆ ಕಾರ್ಖಾನೆಯ ಸುಳಿವು ಸಿಗಬಾರದೆಂಬುದು ಇದರ ಉದ್ದೇಶ. ಅಮೆರಿಕದ ಸೇನೆಯು ಪ್ರತಿ ವಾಹನಕ್ಕೂ ಬಿಡಿಭಾಗಗಳ ಸಂಪೂರ್ಣ ಸೂಚಿಯನ್ನೇ ಮುದ್ರಿಸಿತ್ತು. ಶೆರ್ಮನ್ ಟ್ಯಾಂಕಿನ ಸೂಚಿಯ ಸಂಖ್ಯೆ ಜಿ-104. ಅದರಲ್ಲಿ ತಿರುಪು ವಾಷರುಗಳಿಗೂ ಅಂಕಿಯಿದೆ. ಜೀರ್ಣೋದ್ಧಾರಕ್ಕೆ ಹೊರಟವರು ಸ್ಪ್ಯಾನರ್ ಹಿಡಿಯುವ ಮುನ್ನ ಹಿಡಿಯಬೇಕಾದದ್ದು ಈ ಪುಸ್ತಕವನ್ನು. ಸ್ಪ್ಯಾನರ್ ವಿಷಯದಲ್ಲೂ ಎಚ್ಚರ ಬೇಕು. ಹಳೆಯ ಬ್ರಿಟಿಷ್ ಯಂತ್ರಗಳ ನಟ್ಟು ಬೋಲ್ಟುಗಳು ವಿಟ್‌ವರ್ತ್ ಅಳತೆಯವು, ಜರ್ಮನ್ ಮತ್ತು ರಷ್ಯನ್ ಯಂತ್ರಗಳದ್ದು ಮೆಟ್ರಿಕ್. ಒಂದರ ಪಾನಾ ಇನ್ನೊಂದಕ್ಕೆ ಹಾಕಿದರೆ ಎಂಬತ್ತು ವರ್ಷ ಉಳಿದುಬಂದ ಬೋಲ್ಟಿನ ಮೂಲೆಗಳು ಒಂದೇ ತಿರುವಿಗೆ ಸವೆದುಹೋಗುತ್ತವೆ.

ಸಂಖ್ಯೆಯೇ ಹಣೆಬರಹ

ಬಿಡಿಭಾಗ ಸಿಗುವುದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಟ್ಯಾಂಕು ಎಷ್ಟು ತಯಾರಾಗಿತ್ತು ಮತ್ತು ಅದರ ಎಂಜಿನ್‌ಗೆ ವಂಶ ಬೆಳೆಯಿತೇ ಎಂಬ ಎರಡು ಸಂಗತಿಗಳು. ಟೈಗರ್-1 ತಯಾರಾದದ್ದು ಸುಮಾರು 1,350 ಮಾತ್ರ. ಅವುಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಶೆರ್ಮನ್ ತಯಾರಾದದ್ದು 49 ಸಾವಿರಕ್ಕೂ ಹೆಚ್ಚು. ಯುದ್ಧಾನಂತರ ಅದು ಭಾರತವೂ ಸೇರಿದಂತೆ ಹಲವು ದೇಶಗಳ ಸೇನೆಗಳಲ್ಲಿ ದಶಕಗಳ ಕಾಲ ದುಡಿಯಿತು. ಆದ್ದರಿಂದ ಗ್ರೀಸ್ ಬಳಿದು, ಕಾಗದ ಸುತ್ತಿ, ಪೆಟ್ಟಿಗೆಯಲ್ಲೇ ಉಳಿದ ಬಳಸದ ಭಾಗಗಳು ಇಂದಿಗೂ ಹೊರಬೀಳುತ್ತವೆ.

ಆದರೆ ಶೆರ್ಮನ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಅದರ ಒಂದು ಮಾದರಿಗೆ ವಿಮಾನದ ಎಂಜಿನ್‌ನಂತೆ ಒಂಬತ್ತು ಸಿಲಿಂಡರುಗಳು ವೃತ್ತಾಕಾರದಲ್ಲಿದ್ದ ಕಾಂಟಿನೆಂಟಲ್ ಎಂಜಿನ್. ಇನ್ನೊಂದಕ್ಕೆ ಫೋರ್ಡ್ ವಿ-8. ಮತ್ತೊಂದಕ್ಕೆ ಜೋಡಿ ಡೀಸೆಲ್ ಎಂಜಿನ್. 'ಎಂ4ಎ4' ಎಂಬ ಮಾದರಿಗಂತೂ ಕ್ರೈಸ್ಲರ್ ಕಂಪನಿಯು ಆರು ಸಿಲಿಂಡರಿನ ಐದು ಎಂಜಿನ್‌ಗಳನ್ನು ಒಂದಕ್ಕೊಂದು ಬೆಸೆದು ಮೂವತ್ತು ಸಿಲಿಂಡರಿನ ಯಂತ್ರವನ್ನೇ ಕೂರಿಸಿತ್ತು. ಯಾವ ಮಾದರಿಯೆಂದು ಖಚಿತಪಡಿಸಿಕೊಳ್ಳದೆ ಎಂಜಿನ್ ಭಾಗ ಕೊಂಡವರು ಅದನ್ನು ಮಾರಲು ಇನ್ನೊಬ್ಬರನ್ನು ಹುಡುಕಬೇಕಾಗುತ್ತದೆ.

ರಷ್ಯಾದ ಟಿ-34 ಈ ದೃಷ್ಟಿಯಿಂದ ಅದೃಷ್ಟವಂತ. ಅದರ ಹನ್ನೆರಡು ಸಿಲಿಂಡರಿನ ವಿ-2 ಡೀಸೆಲ್ ಎಂಜಿನ್‌ನ ವಂಶ ಕಡಿದುಹೋಗಲಿಲ್ಲ. ಟಿ-55, ಟಿ-72, ಟಿ-90 ಟ್ಯಾಂಕುಗಳ ಎಂಜಿನ್‌ಗಳು ಅದರದೇ ಸಂತತಿ. ಚೆನ್ನೈ ಸಮೀಪದ ಆವಡಿಯ ಎಂಜಿನ್ ಕಾರ್ಖಾನೆಯಲ್ಲಿ ನಮ್ಮ ಟಿ-72 ಮತ್ತು ಟಿ-90ಗಳಿಗಾಗಿ ತಯಾರಾದದ್ದೂ ಇದೇ ಮನೆತನದ ಎಂಜಿನ್‌ಗಳು. ಹಾಗಾಗಿ ಟಿ-34ಕ್ಕೆ ಮೂಲ ಎಂಜಿನ್ ಸಿಗದಿದ್ದಾಗ ಅದರ ಮೊಮ್ಮಕ್ಕಳಲ್ಲೊಂದನ್ನು ತಂದು ಕೂರಿಸುವ ದಾರಿಯಾದರೂ ಇದೆ. ಇಡೀ ಟ್ಯಾಂಕನ್ನೇ ತರಿಸಿಕೊಂಡ ಉದಾಹರಣೆಯೂ ಉಂಟು. 2019ರ ಜನವರಿಯಲ್ಲಿ ರಷ್ಯಾ ತನ್ನ ಮೆರವಣಿಗೆ ಮತ್ತು ಸಂಗ್ರಹಾಲಯಗಳಿಗಾಗಿ ಲಾವೋಸ್ ದೇಶದಿಂದ 30 ಟಿ-34 ಟ್ಯಾಂಕುಗಳನ್ನು ಪಡೆಯಿತು. ಒಂದು ಕಾಲಕ್ಕೆ ಸಾವಿರಾರು ಸಂಖ್ಯೆಯಲ್ಲಿ ಹೊರಗೆ ಕೊಟ್ಟ ದೇಶವೇ ತನ್ನದನ್ನು ಮರಳಿ ಬೇಡಿ ತಂದಿತು.

ಬ್ರಿಟಿಷ್ ಕ್ರಾಮ್‌ವೆಲ್ ಮತ್ತು ಸೆಂಚೂರಿಯನ್ ಟ್ಯಾಂಕುಗಳದ್ದು ಬೇರೆಯೇ ಕಷ್ಟ. ಅವುಗಳ ಮೀಟಿಯರ್ ಎಂಜಿನ್ ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಎಂಜಿನ್‌ನಿಂದ ರೂಪುಗೊಂಡದ್ದು. ಹಳೆಯ ವಿಮಾನ ಉಳಿಸುವವರೂ, ದೈತ್ಯ ಎಂಜಿನ್ ಕೂರಿಸಿ ಕಾರು ಕಟ್ಟುವ ಶೋಕಿದಾರರೂ ಇದರ ಮೇಲೆ ಕಣ್ಣಿಟ್ಟಿರುತ್ತಾರೆ. ಟ್ಯಾಂಕಿನವನ ಕೈಗೆ ಬರುವಷ್ಟರಲ್ಲಿ ಬೆಲೆ ಏರಿರುತ್ತದೆ.

ಕೆಸರು ಕಾಪಾಡಿದ ಕಬ್ಬಿಣ

ಭಾಗಗಳು ಸಿಗುವ ಜಾಗಗಳು ವಿಚಿತ್ರ. ಸೇನೆಗಳು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ನಿಲ್ಲಿಸಿದ ಹಳೆಯ ಟ್ಯಾಂಕುಗಳು ತೂತು ಬಿದ್ದಿದ್ದರೂ, ಮಣ್ಣಲ್ಲಿ ಹೂತ ಕೆಳಭಾಗದ ಚಕ್ರ, ಅಚ್ಚು, ಪಟ್ಟಿಗಳು ಎಷ್ಟೋ ಸಲ ಉಪಯೋಗಕ್ಕೆ ಬರುತ್ತವೆ. ಹಳ್ಳಿಗಳಲ್ಲಿ ಟ್ಯಾಂಕಿನ ಭಾಗಗಳು ಟ್ರ್ಯಾಕ್ಟರಿಗೆ, ಸೇತುವೆಗೆ, ಬೇಲಿಗೆ ಬಳಕೆಯಾದದ್ದೂ ಇದೆ.

ಎಲ್ಲಕ್ಕಿಂತ ಆಶ್ಚರ್ಯದ ಭಂಡಾರ ಎಂದರೆ ನೀರು. 2000ದ ಸೆಪ್ಟೆಂಬರ್‌ನಲ್ಲಿ ಎಸ್ಟೋನಿಯಾದ ಕುರ್ಟ್ನಾ ಮಾಟಸ್ಯಾರ್ವ್ ಎಂಬ ಸರೋವರದ ತಳದಿಂದ ಟಿ-34 ಒಂದನ್ನು ಬುಲ್ಡೋಜರ್ ಕಟ್ಟಿ ಎಳೆಯಲಾಯಿತು. ರಷ್ಯಾದಲ್ಲಿ ತಯಾರಾಗಿ, ಜರ್ಮನ್ನರ ಕೈಸೇರಿ, ಅವರದೇ ಗುರುತು ಹೊತ್ತು 1944ರಲ್ಲಿ ಮುಳುಗಿಸಲ್ಪಟ್ಟಿದ್ದ ಈ ಟ್ಯಾಂಕು ಐವತ್ತಾರು ವರ್ಷಗಳ ನಂತರವೂ ಬಣ್ಣ ಸಮೇತ ಹೊರಬಂತು. ತಳದ ಜೌಗು ಕೆಸರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಆಮ್ಲಜನಕವಿಲ್ಲದೆ ತುಕ್ಕಿಲ್ಲ. ಹೊರಗೆ ತೆಗೆದ ಕ್ಷಣದಿಂದಲೇ ತುಕ್ಕಿನ ಕೆಲಸ ಆರಂಭವಾಗುವುದರಿಂದ ಕೂಡಲೇ ಬಿಚ್ಚಿ, ತೊಳೆದು, ಎಣ್ಣೆ ಹಚ್ಚುವ ವ್ಯವಸ್ಥೆ ಇಲ್ಲದವರು ಅದನ್ನು ಕೆಸರಿನಲ್ಲೇ ಬಿಡುವುದು ಉತ್ತಮ. ಆ ಟ್ಯಾಂಕಿನೊಳಗೆ ನೂರಕ್ಕೂ ಹೆಚ್ಚು ಜೀವಂತ ಗುಂಡುಗಳಿದ್ದವು ಎಂಬುದನ್ನೂ ಮರೆಯುವಂತಿಲ್ಲ. ಮೊದಲು ಒಳಗೆ ಇಳಿಯಬೇಕಾದವನು ಮೆಕ್ಯಾನಿಕ್ ಅಲ್ಲ, ಸ್ಫೋಟಕ ನಿಷ್ಕ್ರಿಯಗೊಳಿಸುವ ತಜ್ಞ.

ಪೋಲೆಂಡಿನ ನದಿಯೊಂದರಿಂದ 1990ರಲ್ಲಿ ಮೇಲೆತ್ತಲಾದ ಜರ್ಮನ್ ಪ್ಯಾಂಥರ್ ಅಮೆರಿಕದ ಸಂಗ್ರಾಹಕ ಜಾಕ್ ಲಿಟ್ಲ್‌ಫೀಲ್ಡ್ ಅವರ ಕೈಸೇರಿ, ವರ್ಷಗಟ್ಟಲೆ ದುಡಿಮೆಯ ನಂತರ ಮತ್ತೆ ಟ್ಯಾಂಕಾಯಿತು. 2009ರ ಆರಂಭದಲ್ಲಿ ಅವರು ನಿಧನರಾದರು. ಪ್ಯಾಂಥರ್‌ನ ವಿಷಯದಲ್ಲಿ ಮೂಲ ಭಾಗವೇ ಬೇಡವೆನ್ನುವ ಸ್ಥಳವೂ ಒಂದಿದೆ. ಅದು ಪಟ್ಟಿಯನ್ನು ತಿರುಗಿಸುವ ಕೊನೆಯ ಹಲ್ಲುಚಕ್ರಗಳ ಪೆಟ್ಟಿಗೆ. ವಶಪಡಿಸಿಕೊಂಡ ಪ್ಯಾಂಥರ್‌ಗಳನ್ನು ಯುದ್ಧಾನಂತರ ಬಳಸಿದ ಫ್ರೆಂಚ್ ಸೇನೆಯ 1947ರ ವರದಿಯ ಪ್ರಕಾರ ಇದರ ಸರಾಸರಿ ಆಯುಸ್ಸು ಕೇವಲ 150 ಕಿಲೋಮೀಟರ್. ಹುಟ್ಟುವಾಗಲೇ ದುರ್ಬಲವಾಗಿದ್ದ ಭಾಗವನ್ನು ಮೂಲವೆಂಬ ಒಂದೇ ಕಾರಣಕ್ಕೆ ಹಾಕಿ ಓಡಿಸುವುದು ಜಾಣತನವಲ್ಲ. ಉತ್ತಮ ಉಕ್ಕಿನಲ್ಲಿ ಹೊಸದನ್ನು ಮಾಡಿಸಿ, ಹಳೆಯದನ್ನು ಎಣ್ಣೆ ಹಚ್ಚಿ ಕಪಾಟಿನಲ್ಲಿಡುವುದೇ ಸರಿ.

ಎಂದೂ ಮೂಲ ಸಿಗದ ವಸ್ತುಗಳು

ರಬ್ಬರ್, ತೊಗಲು, ಫೆಲ್ಟ್ ಇವುಗಳಿಗೆ ಕಾಲವೇ ಶತ್ರು. ಪೆಟ್ಟಿಗೆ ಒಡೆಯದ ಆಯಿಲ್ ಸೀಲ್ ಕೂಡ ಒಳಗೇ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಚಕ್ರದ ರಬ್ಬರನ್ನು ಹೊಸದಾಗಿ ಬೆಸೆಯಿಸಬೇಕು. ಹಳೆಯ ಬ್ರೇಕು, ಕ್ಲಚ್ಚು, ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವುದರಿಂದ ಅವು ಮೂಲವಾಗಿದ್ದರೂ ತೆಗೆದೊಗೆಯಬೇಕಾದವು. ಕತ್ತಲಲ್ಲಿ ಹೊಳೆಯುವ ಹಳೆಯ ಮೀಟರು ಮುಳ್ಳುಗಳಲ್ಲಿ ರೇಡಿಯಂ ಇರುತ್ತದೆ. ಅವನ್ನು ಕೆರೆದು ಸ್ವಚ್ಛಗೊಳಿಸಲು ಹೋಗಲೇಬಾರದು.

ಕಾನೂನಿನ ಕಡೆಗೂ ಒಂದು ಮಾತು. ಜರ್ಮನಿಯ ಕೀಲ್ ಬಳಿ 2015ರಲ್ಲಿ ಮನೆಯೊಂದರ ನೆಲಮಾಳಿಗೆಯಿಂದ ಸೇನೆಯೇ ಬಂದು ಪ್ಯಾಂಥರ್ ಟ್ಯಾಂಕನ್ನು ಹೊರಗೆಳೆದೊಯ್ದಿತು. 2021ರಲ್ಲಿ ನ್ಯಾಯಾಲಯ ಮಾಲೀಕನಿಗೆ ಅಮಾನತಿನ ಸೆರೆವಾಸ ಮತ್ತು 2.5 ಲಕ್ಷ ಯೂರೋ ದಂಡ ವಿಧಿಸಿತು. ಫಿರಂಗಿ ನಿಷ್ಕ್ರಿಯವಾಗಿದೆ ಎಂಬ ಪ್ರಮಾಣಪತ್ರ ಒಂದು ದೇಶದಲ್ಲಿ ನಡೆದರೆ ಇನ್ನೊಂದು ದೇಶದಲ್ಲಿ ನಡೆಯದಿರಬಹುದು.

ನಮ್ಮ ಟ್ಯಾಂಕುಗಳು

ಭಾರತದಲ್ಲಿ ಈ ವಿಷಯ ಮುಖ್ಯವಾಗಿ ಸೇನೆಯ ಕೈಯಲ್ಲೇ ಇದೆ. ಮಹಾರಾಷ್ಟ್ರದ ಅಹಮದ್‌ನಗರದಲ್ಲಿ (ಇಂದಿನ ಅಹಿಲ್ಯಾನಗರ) 1994ರಲ್ಲಿ ಆರಂಭವಾದ ಅಶ್ವದಳ ಟ್ಯಾಂಕ್ ಸಂಗ್ರಹಾಲಯದಲ್ಲಿ ಸೆಂಚೂರಿಯನ್, ವಿಜಯಂತ, 1965ರ ಯುದ್ಧದಲ್ಲಿ ವಶವಾದ ಪ್ಯಾಟನ್, ಎರಡನೆಯ ಮಹಾಯುದ್ಧದ ಜಪಾನೀ ಟ್ಯಾಂಕುಗಳು ಒಂದೇ ಅಂಗಳದಲ್ಲಿವೆ. ಕನ್ನಡಿಗರಿಗೆ ಟ್ಯಾಂಕಿನ ಕಥೆ ಹೊಸದೇನಲ್ಲ. 1948ರ ನವೆಂಬರ್‌ನಲ್ಲಿ ಜೋಜಿಲಾ ಕಣಿವೆಯ ಎತ್ತರಕ್ಕೆ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ಬೆರಗುಗೊಳಿಸಿದ ಕಾರ್ಯಾಚರಣೆಯ ರೂವಾರಿ ಕೊಡಗಿನ ಕೆ.ಎಸ್. ತಿಮ್ಮಯ್ಯ.

ನಮ್ಮಲ್ಲಿ ಮೊದಲು ಗಮನಿಸಬೇಕಾದದ್ದು ವಿಜಯಂತವನ್ನು. 1965ರಿಂದ ಆವಡಿಯಲ್ಲಿ ತಯಾರಾದ, ಈ ಶತಮಾನದ ಮೊದಲ ದಶಕದಲ್ಲಿ ಸೇವೆಯಿಂದ ಹಿಂದೆ ಸರಿದ ಈ ಟ್ಯಾಂಕಿನ ಲೇಲ್ಯಾಂಡ್ ಎಲ್-60 ಎಂಜಿನ್ ವಿಶಿಷ್ಟವಾದದ್ದು. ಆರು ಸಿಲಿಂಡರ್, ಆದರೆ ಹನ್ನೆರಡು ಪಿಸ್ಟನ್. ಪ್ರತಿ ಸಿಲಿಂಡರಿನಲ್ಲೂ ಎರಡು ಪಿಸ್ಟನ್‌ಗಳು ಎದುರುಬದುರು ಚಲಿಸುತ್ತವೆ. ಬ್ರಿಟನ್ನಿನ ಚೀಫ್ಟನ್ ಟ್ಯಾಂಕಿನದೂ ಇದೇ ಬಗೆಯ ಎಂಜಿನ್. ಸಿಲಿಂಡರ್ ಲೈನರ್ ಸೀಲುಗಳು ಸೋರುವುದು ಅದರ ಹಳೆಯ ವ್ಯಾಧಿ. ಅಂದರೆ ಎಲ್-60ರ ಭಾಗಗಳಿಗಾಗಿ ಚೀಫ್ಟನ್ ಉಳಿಸುವವರು ಅಲ್ಲಿ ಪಡುವ ಪಾಡನ್ನೇ ವಿಜಯಂತವನ್ನು ಮತ್ತೆ ಓಡಿಸಬಯಸುವವರು ಇಲ್ಲಿ ಪಡಬೇಕಾಗುತ್ತದೆ.

ನಿವೃತ್ತ ಟ್ಯಾಂಕುಗಳು ನಮ್ಮ ನಗರಗಳ ವೃತ್ತಗಳಲ್ಲಿ, ಕಾಲೇಜು ಅಂಗಳಗಳಲ್ಲಿ ನಿಂತಿರುವುದನ್ನು ಓದುಗರು ಕಂಡೇ ಇರುತ್ತಾರೆ. ರಾಷ್ಟ್ರೀಯ ಹಬ್ಬಗಳ ಮುನ್ನಾದಿನ ಅವುಗಳಿಗೆ ಹೊಸ ಹಸಿರು ಬಣ್ಣ ಬಳಿಯಲಾಗುತ್ತದೆ. ಬಣ್ಣದ ಪದರಗಳ ಕೆಳಗೆ ತಯಾರಿಕೆಯ ಅಂಕಿ, ದಳದ ಚಿಹ್ನೆಗಳು ಮುಚ್ಚಿಹೋಗುತ್ತವೆ. ಮಳೆನೀರು ಒಳಗಿಳಿದು ಹೊರಹೋಗಲು ದಾರಿಯಿಲ್ಲದೆ ನಿಲ್ಲುತ್ತದೆ. ಇಂಥ ಟ್ಯಾಂಕಿನ ಹೊಣೆ ಹೊತ್ತ ಸಂಸ್ಥೆಗಳು ಮಾಡಬಹುದಾದ ಕೆಲಸ ದುಬಾರಿಯದ್ದಲ್ಲ. ತಳದ ನೀರಿನ ಬಿರಡೆಗಳನ್ನು ತೆಗೆದಿಡುವುದು, ಮೇಲಿನ ಮುಚ್ಚಳಗಳಿಗೆ ನೀರು ಒಳಸೇರದಂತೆ ಹೊದಿಕೆ ಹಾಕುವುದು, ಬಣ್ಣ ಬಳಿಯುವ ಮುನ್ನ ಪ್ರತಿಯೊಂದು ಅಂಕಿ, ಫಲಕ, ಚಿಹ್ನೆಯ ಛಾಯಾಚಿತ್ರ ತೆಗೆದು ಕಡತದಲ್ಲಿ ಇಡುವುದು, ಎಂಜಿನ್ ಒಳಗಿದೆಯೇ ಅಥವಾ ಮೊದಲೇ ಬಿಚ್ಚಲಾಗಿದೆಯೇ ಎಂಬುದನ್ನು ಬರೆದಿಡುವುದು. ಬೋವಿಂಗ್ಟನ್‌ನ ಟೈಗರ್‌ಗೆ ಅದರ ಮೂಲ ಬಣ್ಣವನ್ನು ಮರಳಿ ಕೊಡಲು ಸಾಧ್ಯವಾದದ್ದು ಮೂಲೆಗಳಲ್ಲಿ ಉಳಿದಿದ್ದ ಹಳೆಯ ಬಣ್ಣದ ಚೂರುಗಳಿಂದ. ಅಲ್ಲಿ ಅವನ್ನು ಯಾರೂ ಉಜ್ಜಿ ತೆಗೆದಿರಲಿಲ್ಲ.