ಗುಮ್ಮಟದ ಮೇಲಿನ ಚುಕ್ಕಿ

ಗೋಳಗುಮ್ಮಟದ ಫೋಟೋ ಅಂದರೆ ಅರ್ಧ ಕಲ್ಲು, ಅರ್ಧ ಆಕಾಶ. 1656ರಲ್ಲಿ ಮುಗಿದ ಆ ಕಟ್ಟಡದ ಹಿಂದೆ ಗುಡ್ಡ ಇಲ್ಲ, ಬೆಟ್ಟ ಇಲ್ಲ, ಬರೀ ಬಯಲುಸೀಮೆಯ ಖಾಲಿ ಆಕಾಶ. ಕ್ಯಾಮೆರಾದೊಳಗೆ ಧೂಳು ಸೇರಿದ್ದರೆ ಮೊದಲು ಚಾಡಿ ಹೇಳೋದು ಅದೇ. ಗುಮ್ಮಟದ ಪಕ್ಕ ಒಂದು ಮಸುಕು ಚುಕ್ಕಿ. ಹಕ್ಕಿಯೋ, ಧೂಳೋ?

ಈ ಆಕಾಶದ ತಲೆನೋವು ಹಳೇದು. ಬಾಂಬೆ ಸರ್ಕಾರ 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿಯನ್ನ ಫೋಟೋಗ್ರಾಫರ್ ಆಗಿ ನೇಮಿಸಿತು. ವಿಜಾಪುರ, ಬಾದಾಮಿ, ಐಹೊಳೆಗಳನ್ನ ಆತ ಸೆರೆಹಿಡಿದದ್ದು ಗಾಜಿನ ಮೇಲಲ್ಲ, ಕಾಗದದ ನೆಗೆಟಿವ್ ಮೇಲೆ. ಕಾಗದದ ನಾರು, ರಾಸಾಯನಿಕದ ಕಲೆ ಎಲ್ಲ ಎದ್ದು ಕಾಣೋದು ಆಕಾಶದಲ್ಲೇ. ಆ ಕಾಲದ ಅನೇಕ ಫೋಟೋಗ್ರಾಫರ್‌ಗಳು ನೆಗೆಟಿವ್‌ನಲ್ಲಿ ಆಕಾಶದ ಭಾಗಕ್ಕೆ ಕಪ್ಪು ಮಸಿ ಬಳಿದುಬಿಡ್ತಿದ್ದರು. ಪ್ರಿಂಟ್ ಹಾಕಿದಾಗ ಆಕಾಶ ಹಾಲಿನಂತೆ ಬೆಳ್ಳಗೆ. ಕಲೆಯೂ ಮಾಯ, ಮೋಡವೂ ಮಾಯ. ಇವತ್ತು ನಾವು ಮೊಬೈಲ್‌ನಲ್ಲಿ ಬೆರಳಾಡಿಸಿ ಚುಕ್ಕಿ ಅಳಿಸ್ತೀವಲ್ಲ, ಅದರ ಮುತ್ತಜ್ಜ ಇದು.

ಆಮೇಲೆ ಗಾಜಿನ ಪ್ಲೇಟ್ ಬಂತು, ಫಿಲ್ಮ್ ಬಂತು. ಅವುಗಳ ಮೇಲೂ ಧೂಳು ಕೂರ್ತಿತ್ತು. ಆದರೆ ಪ್ರತಿ ಫೋಟೋಗೂ ಹೊಸ ಫಿಲ್ಮ್ ತುಂಡು ಮುಂದೆ ಬರೋದರಿಂದ, ಕೂತ ಧೂಳು ಆ ತುಂಡಿನ ಜೊತೆಗೇ ಹೋಗ್ತಿತ್ತು. ಸಿನಿಮಾದವರ ಕಷ್ಟ ಬೇರೆ. ಫಿಲ್ಮ್ ಓಡೋ ಗೇಟ್‌ನ ಅಂಚಿಗೆ ಒಂದು ಎಳೆ ಕೂದಲು ಸಿಕ್ಕಿಕೊಂಡರೆ ಇಡೀ ಶಾಟ್ ಹಾಳು. ಅದಕ್ಕೇ ಶಾಟ್ ಓಕೆ ಆದಮೇಲೂ ಒಮ್ಮೆ ಗೇಟ್ ನೋಡಿಯೇ ಮುಂದಿನದಕ್ಕೆ ಹೋಗೋದು ಸೆಟ್‌ಗಳಲ್ಲಿ ರೂಢಿಯಾಗಿತ್ತು.

1969ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಕಂಡುಹಿಡಿದರು (ನೊಬೆಲ್ ಸಿಕ್ಕಿದ್ದು 2009ರಲ್ಲಿ, ನಲವತ್ತು ವರ್ಷ ಕಾದು!). ಅಲ್ಲಿಂದ ಲೆಕ್ಕ ಬದಲಾಯಿತು. ಸೆನ್ಸರ್ ಒಂದೇ, ಅದು ಕದಲೋದಿಲ್ಲ. ಒಮ್ಮೆ ಕೂತ ಧೂಳು ಇವತ್ತಿನ ಮದುವೆಯಲ್ಲೂ ನಾಳಿನ ಜಾತ್ರೆಯಲ್ಲೂ ಅದೇ ಜಾಗದಲ್ಲಿ ಹಾಜರು.

ನಮ್ಮೂರು ಜೈನಾಪುರ. ಎರಿ ಹೊಲದ ಸೀಮೆ. ಜೋಳದ ರಾಶಿ ಮಾಡೋ ದಿನಗಳಲ್ಲಿ ಕಣದ ಹತ್ತಿರ ಲೆನ್ಸ್ ಬದಲಾಯಿಸಿದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ಹಾಗಾಗಿ ಊರಿಗೆ ಹೋಗೋ ಮುಂಚೆ, ಬಂದ ಮೇಲೆ ಒಮ್ಮೊಮ್ಮೆ ಪರೀಕ್ಷೆ ಮಾಡ್ತೀನಿ. ಅಪರ್ಚರ್ ಎಫ್/16ಕ್ಕೆ ಇಟ್ಟು, ಫೋಕಸ್ ಬೇಕಂತಲೇ ಕೆಡಿಸಿ, ಬರೀ ಆಕಾಶದ ಅಥವಾ ಬಿಳಿ ಗೋಡೆಯ ಫೋಟೋ. ಕ್ಲಿಕ್ ಆಗುವಾಗ ಕ್ಯಾಮೆರಾ ಸ್ವಲ್ಪ ಅಲ್ಲಾಡಿಸಿದರೂ ಒಳ್ಳೇದೇ: ಗೋಡೆಯ ಕಲೆ ಕದಡಿಹೋಗುತ್ತೆ, ಸೆನ್ಸರ್‌ನ ಧೂಳು ಮಾತ್ರ ನಿಂತಲ್ಲೇ ನಿಲ್ಲುತ್ತೆ. ಕಂಪ್ಯೂಟರ್‌ನಲ್ಲಿ ಕಾಂಟ್ರಾಸ್ಟ್ ಏರಿಸಿ ಮೂಲೆಯಿಂದ ಮೂಲೆಗೆ ನೋಡೋದು.

ಎಫ್/16 ಯಾಕೆ? ಧೂಳು ಕೂರೋದು ಸೆನ್ಸರ್‌ನ ಮೇಲಲ್ಲ, ಅದರ ಮುಂದಿರುವ ಗಾಜಿನ ಫಿಲ್ಟರ್ ಮೇಲೆ. ನಮಗೆ ಕಾಣೋದು ಅದರ ನೆರಳು. ಅಪರ್ಚರ್ ಅಗಲ ಇದ್ದರೆ ಬೆಳಕು ನಾನಾ ಕೋನದಿಂದ ಬಂದು ನೆರಳು ಕರಗಿಹೋಗುತ್ತೆ, ಕಿರಿದಾದರೆ ಚೂಪಾಗುತ್ತೆ. ಇನ್ನೊಂದು ಮಾತು. ಬಿಂಬ ತಲೆಕೆಳಗಾಗಿ ಬೀಳೋದರಿಂದ, ಫೋಟೋದ ಮೇಲ್ತುದಿಯ ಚುಕ್ಕಿಗೆ ಕಾರಣವಾದ ಧೂಳು ಸೆನ್ಸರ್‌ನ ಕೆಳಗಡೆ ಇರುತ್ತೆ. ಎದುರಿನಿಂದ ನೋಡುವಾಗ ಎಡಬಲ ಮಾತ್ರ ಬದಲಾಗೋದಿಲ್ಲ.

ಖಗೋಳಶಾಸ್ತ್ರಜ್ಞರು ಇದನ್ನ ಗಂಭೀರವಾಗಿ ಮಾಡ್ತಾರೆ. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕವನ್ನ ನಮ್ಮ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸ್ತಾರೆ. ಇಂಥ ಕಡೆ ಮುಸ್ಸಂಜೆಯ ಖಾಲಿ ಆಕಾಶದ ಚಿತ್ರ ತೆಗೆದಿಟ್ಟುಕೊಂಡು, ರಾತ್ರಿಯ ಚಿತ್ರವನ್ನ ಅದರಿಂದ ಭಾಗಿಸೋದು ರೂಢಿ. 'ಫ್ಲಾಟ್' ಅಂತಾರೆ. ಚಕ್ಕುಲಿಯಂತೆ ಕಾಣೋ ಧೂಳಿನ ಉಂಗುರಗಳು ಲೆಕ್ಕದಲ್ಲೇ ಕಳೆದುಹೋಗ್ತವೆ. ಇಲ್ಲಿ ಮಸಿ ಬಳಿಯೋದಿಲ್ಲ, ಧೂಳು ಎಷ್ಟು ಬೆಳಕು ತಡೆದಿದೆ ಅಂತ ಅಳೀತಾರೆ. ನನಗೆ ಹಿಡಿಸೋದು ಈ ವ್ಯತ್ಯಾಸವೇ.

ಕ್ಯಾಮೆರಾ ಕಂಪನಿಗಳೂ ಸುಮ್ಮನಿರಲಿಲ್ಲ. 2003ರ ಒಲಿಂಪಸ್ ಇ-1 ಫಿಲ್ಟರನ್ನ ಅಲ್ಟ್ರಾಸಾನಿಕ್ ವೇಗದಲ್ಲಿ ನಡುಗಿಸಿ ಧೂಳು ಕೊಡವೋ ಉಪಾಯ ತಂತು. ಆದರೆ 2012ರ ನಿಕಾನ್ ಡಿ600 ಕೊಂಡವರು ಸೆನ್ಸರ್ ಮೇಲೆ ಮತ್ತೆ ಮತ್ತೆ ಚುಕ್ಕಿ ಕಾಣ್ತಿದೆ ಅಂತ ದೂರಿದರು. ಅವರ ಕೈಲಿದ್ದ ಪುರಾವೆ ಇದೇ ಖಾಲಿ ಆಕಾಶದ ಫೋಟೋಗಳು. 2014ರಲ್ಲಿ ಕಂಪನಿ ಉಚಿತವಾಗಿ ಶಟರ್ ಬದಲಿಸಿಕೊಡಲು ಒಪ್ಪಿತು.

ಆಕಾಶದಲ್ಲಿ ಚುಕ್ಕಿ ಕಂಡರೆ ಬಿಡಿ, ಯಾರಿಗೂ ನಷ್ಟವಿಲ್ಲ. ನನ್ನ ಚಿಂತೆ ಅದು ಕಾಣದ ಕಡೆ. ಕಲ್ಲಿನ ಒರಟು ಮೈಯಲ್ಲಿ ಅದು ಅಡಗಿಬಿಡುತ್ತೆ. ನಮ್ಮ ಕಡೆ ಹುಡುಗರು ಈಗ ಊರೂರಿನ ಶಾಸನಗಳ ಫೋಟೋ ತೆಗೆದು ಓದೋಕೆ ಕಳಿಸ್ತಾರೆ, ಬಹಳ ಒಳ್ಳೇ ಕೆಲಸ. ಆದರೆ ಹಳಗನ್ನಡದ ಅನುಸ್ವಾರ ಅಂದರೆ ಒಂದು ಪುಟ್ಟ ಚುಕ್ಕಿಯಷ್ಟೇ. ಧೂಳು ಅಲ್ಲಿ ಕೂತರೆ ಮಗ ಮಂಗ ಆಗ್ತಾನೆ! ಮಸಿ ಹಚ್ಚಿದ ಅಚ್ಚುಪ್ರತಿಯಲ್ಲಾದರೆ ಉಲ್ಟಾ: ಅಕ್ಷರ ಬಿಳಿ, ಹಿನ್ನೆಲೆ ಕಪ್ಪು. ಅಲ್ಲಿ ಧೂಳಿನ ನೆರಳು ನಿಜವಾದ ಸೊನ್ನೆಯನ್ನೇ ನುಂಗಬಹುದು. 19ನೇ ಶತಮಾನದಲ್ಲಿ ಜೆ. ಎಫ್. ಫ್ಲೀಟ್ ಕೆಲವು ಕನ್ನಡ ಶಾಸನಗಳನ್ನ ಮೇಜರ್ ಡಿಕ್ಸನ್ ತೆಗೆದ ಫೋಟೋಗಳಿಂದ ಓದಿದ್ದ. ಅಂದರೆ ಫೋಟೋ ನಂಬಿ ಶಾಸನ ಓದೋದು ಹೊಸದೇನಲ್ಲ. ಹಾಗಿರುವಾಗ ಚುಕ್ಕಿ ಕಂಡ ಕೂಡಲೇ ಆ್ಯಪ್‌ನಲ್ಲಿ ಒರೆಸಿಬಿಟ್ಟರೆ, ಅದು ಧೂಳೋ ಶಾಸನ ಕೊರೆದವನ ಉಳಿಪೆಟ್ಟೋ ಅಂತ ಆಮೇಲೆ ಕೇಳೋದು ಯಾರನ್ನ?

ಈಗ ಶಾಸನದ ಫೋಟೋ ತೆಗೆಯೋರಿಗೆ ನಾನು ಹೇಳೋದಿಷ್ಟು: ಅದೇ ದಿನ, ಅದೇ ಕ್ಯಾಮೆರಾದಲ್ಲಿ ಒಂದು ಖಾಲಿ ಆಕಾಶ ತೆಗೀರಿ, ಅಳಿಸಬೇಡಿ, ಅದೇ ಫೋಲ್ಡರ್‌ನಲ್ಲಿ ಇಡಿ. ನಮ್ಮ ಕಾಕಾ ಅದನ್ನ ನೋಡಿ, "ಇದೇನಪಾ ತಮ್ಮಾ, ಏನೂ ಇಲ್ದ ಫೋಟೋ ತಗದೀ?" ಅಂದರು. ಅದರಲ್ಲಿ ಮೂರು ಚುಕ್ಕಿ ಇದ್ದವು, ತೋರಿಸಿದೆ.